ಸೋತ ಚಿತ್ರ ಗೆದ್ದ ಬಗೆ: 'ದಿ ಜನರಲ್' ಮತ್ತು ಮೂಕಿ ಹಾಸ್ಯದ ಮರುಮೌಲ್ಯಮಾಪನ

ಮೂಕಿ ಯುಗದ ಹಾಸ್ಯಚಿತ್ರಗಳಲ್ಲಿ ನಟ-ನಿರ್ದೇಶಕ ಬಸ್ಟರ್ ಕೀಟನ್‌ನ 'ದಿ ಜನರಲ್' ಕಂಡಷ್ಟು ಏಳುಬೀಳನ್ನು ಮತ್ತೊಂದು ಚಿತ್ರ ಕಂಡಿರುವುದು ಅಪರೂಪ. 1926ರ ಬೇಸಿಗೆಯಲ್ಲಿ ಅಮೆರಿಕದ ಓರೆಗನ್ ರಾಜ್ಯದ ಕಾಟೇಜ್ ಗ್ರೋವ್ ಎಂಬ ಊರಿನ ಆಸುಪಾಸಿನಲ್ಲಿ ಚಿತ್ರೀಕರಣಗೊಂಡು, 1927ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ ಈ ಚಿತ್ರವನ್ನು ಅಲ್ಲಿನ ಪ್ರಮುಖ ವಿಮರ್ಶಕರು ಉದಾಸೀನದಿಂದ ಕಂಡರು, ಪ್ರೇಕ್ಷಕರೂ ಕೈಹಿಡಿಯಲಿಲ್ಲ. ಅದೇ ಚಿತ್ರ 1972ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಜಗತ್ತಿನ ವಿಮರ್ಶಕರಿಂದ ಮತ ಪಡೆದು ಪ್ರಕಟಿಸಿದ ಶ್ರೇಷ್ಠ ಚಿತ್ರಗಳ ಮೊದಲ ಹತ್ತು ಸ್ಥಾನಗಳಲ್ಲಿ ಕಾಣಿಸಿಕೊಂಡಿತು. 1989ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಶಾಶ್ವತವಾಗಿ ಕಾಪಾಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಯನ್ನು ಆರಂಭಿಸಿದಾಗ ಮೊದಲ ಕಂತಿನ 25 ಚಿತ್ರಗಳಲ್ಲಿ ಒಂದಾಗಿ ಸೇರಿತು. ಒಂದು ತಲೆಮಾರು ತಳ್ಳಿಹಾಕಿದ ಕೃತಿಯನ್ನು ಮುಂದಿನ ತಲೆಮಾರು ಮತ್ತೆ ವಿಚಾರಣೆಗೆ ತೆಗೆದುಕೊಂಡು ಬೇರೆ ತೀರ್ಪು ಕೊಡುವುದನ್ನೇ ಮರುಮೌಲ್ಯಮಾಪನ ಎನ್ನುವುದಾದರೆ, ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಹುಡುಕಬೇಕಾಗಿಲ್ಲ.

ಇಂಥ ಬದಲಾವಣೆಗೆ ಸಾಮಾನ್ಯವಾಗಿ ಕೊಡುವ ವಿವರಣೆ ಸರಳವಾದದ್ದು: ಮೇರುಕೃತಿ ತನ್ನ ಕಾಲಕ್ಕಿಂತ ಮುಂದಿತ್ತು, ಅಂದಿನವರಿಗೆ ಅರ್ಥವಾಗಲಿಲ್ಲ, ಇಂದಿನವರಿಗೆ ಅರ್ಥವಾಯಿತು. ಈ ವಿವರಣೆ ಇಂದಿನವರ ಬೆನ್ನು ತಟ್ಟುತ್ತದೆಯೇ ಹೊರತು ನಡೆದದ್ದೇನೆಂದು ಹೇಳುವುದಿಲ್ಲ. 1927ರ ಪ್ರೇಕ್ಷಕನೂ 1972ರ ಪ್ರೇಕ್ಷಕನೂ ನೋಡಿದ್ದು ಹೆಸರಿಗೆ ಒಂದೇ ಚಿತ್ರವಾದರೂ, ಅದರ ಪ್ರಿಂಟು, ಅದು ಓಡಿದ ವೇಗ, ಜೊತೆಗಿದ್ದ ಸಂಗೀತ, ಅದರಿಂದ ಅವರು ನಿರೀಕ್ಷಿಸಿದ್ದು, ಇವೆಲ್ಲ ಬೇರೆ ಬೇರೆಯಾಗಿದ್ದವು. ಅಭಿರುಚಿ ಬದಲಾಯಿತೆನ್ನುವ ಮುನ್ನ ಚಿತ್ರ ಉಳಿದದ್ದು ಹೇಗೆ, ಯಾವ ರೂಪದಲ್ಲಿ ಉಳಿಯಿತು, ಯಾರು ಉಳಿಸಿದರು ಎಂಬುದನ್ನು ಕೇಳಬೇಕು ಎಂಬುದು ಈ ಉಪನ್ಯಾಸದ ಮುಖ್ಯ ವಾದ.

ಮೊದಲು ಚಿತ್ರದ ಕಥೆ. ಅಮೆರಿಕದ ಅಂತರ್ಯುದ್ಧದ ನಡುವೆ, 1862ರ ಏಪ್ರಿಲಿನಲ್ಲಿ, ಉತ್ತರದ ಸೈನಿಕರ ಗುಂಪೊಂದು ಮಾರುವೇಷದಲ್ಲಿ ದಕ್ಷಿಣದ ಜಾರ್ಜಿಯಾ ರಾಜ್ಯಕ್ಕೆ ನುಗ್ಗಿ 'ಜನರಲ್' ಎಂಬ ಹೆಸರಿನ ರೈಲು ಎಂಜಿನ್ನನ್ನು ಅಪಹರಿಸಿ, ದಾರಿಯುದ್ದಕ್ಕೂ ಹಳಿಗಳನ್ನೂ ತಂತಿಗಳನ್ನೂ ಕೆಡಿಸುತ್ತ ಉತ್ತರಕ್ಕೆ ಓಡಿಸಿತು. ದಕ್ಷಿಣದವರು ಬೆನ್ನಟ್ಟಿ ಹಿಡಿದರು. ಆ ದಾಳಿಯಲ್ಲಿ ಪಾಲ್ಗೊಂಡಿದ್ದ ವಿಲಿಯಂ ಪಿಟೆಂಜರ್ ಬರೆದ ಪುಸ್ತಕ ಕೀಟನ್‌ನ ಕೈಸೇರಿತು. ಅವನು ಕಥೆಯನ್ನು ಮಗುಚಿ, ಬೆನ್ನಟ್ಟಿದವನನ್ನೇ ನಾಯಕನನ್ನಾಗಿಸಿ, ಜಾನಿ ಗ್ರೇ ಎಂಬ ಎಂಜಿನ್ ಚಾಲಕನ ಪಾತ್ರವನ್ನು ಕಟ್ಟಿದನು. ಸೈನ್ಯಕ್ಕೆ ಸೇರಲು ಹೋದ ಜಾನಿಯನ್ನು, ಚಾಲಕನಾಗಿಯೇ ಅವನು ಹೆಚ್ಚು ಉಪಯುಕ್ತನೆಂಬ ಕಾರಣಕ್ಕೆ, ಆ ಕಾರಣವನ್ನು ಅವನಿಗೆ ತಿಳಿಸದೆ ಅಧಿಕಾರಿಗಳು ವಾಪಸು ಕಳಿಸುತ್ತಾರೆ. ಪ್ರಿಯತಮೆ ಅವನನ್ನು ಹೇಡಿಯೆಂದು ತಿಳಿಯುತ್ತಾಳೆ. ಎಂಜಿನ್ ಕಳುವಾದಾಗ ಅವನು ಒಬ್ಬಂಟಿಯಾಗಿ ಬೆನ್ನಟ್ಟುತ್ತಾನೆ. ಚಿತ್ರದ ಮೊದಲರ್ಧ ಉತ್ತರದ ಕಡೆಗಿನ ಓಟ, ಎರಡನೆಯ ಅರ್ಧ ಅದೇ ಹಳಿಯ ಮೇಲೆ ದಕ್ಷಿಣಕ್ಕೆ ಮರಳುವ ಓಟ. ಮೊದಲ ಓಟದಲ್ಲಿ ಶತ್ರುಗಳು ಜಾನಿಗೆ ಒಡ್ಡಿದ ಅಡ್ಡಿಗಳನ್ನೇ ಎರಡನೆಯದರಲ್ಲಿ ಅವನು ಅವರಿಗೆ ಒಡ್ಡುತ್ತಾನೆ. ಒಂದು ಹಾಸ್ಯಚಿತ್ರದ ಹಂದರ ಇಷ್ಟು ಬಿಗಿಯಾಗಿರುವುದು ಆ ಕಾಲದಲ್ಲಿ ಮಾತ್ರವಲ್ಲ, ಇಂದಿಗೂ ವಿರಳ.

ಈ ಬಿಗಿ ಎಂಥದೆಂದು ತಿಳಿಯಲು ಒಂದೇ ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡಿದರೆ ಸಾಕು. ಶತ್ರುಗಳು ಹಳಿಯ ಮೇಲೆ ಸ್ಲೀಪರುಗಳನ್ನು, ಅಂದರೆ ಹಳಿಯ ಕೆಳಗೆ ಹಾಸುವ ಭಾರದ ಮರದ ತೊಲೆಗಳನ್ನು, ಎಸೆದು ಹೋಗಿದ್ದಾರೆ. ಜಾನಿ ತನ್ನ ಎಂಜಿನ್ನನ್ನು ನಿಧಾನಗೊಳಿಸಿ ಕೆಳಗಿಳಿದು ಮುಂದೆ ಓಡಿ ಒಂದು ತೊಲೆಯನ್ನು ಕಷ್ಟಪಟ್ಟು ಎತ್ತುವಷ್ಟರಲ್ಲಿ, ಹಿಂದಿನಿಂದ ತೆವಳಿ ಬಂದ ಎಂಜಿನ್ನಿನ ಕೌಕ್ಯಾಚರ್ (ಅಡ್ಡ ಬಂದದ್ದನ್ನು ಬದಿಗೆ ತಳ್ಳಲು ಮುಂಭಾಗದಲ್ಲಿ ಇಳಿಜಾರಾಗಿ ಕಟ್ಟಿದ ಜಾಲರಿ) ಅವನನ್ನು ತೊಲೆಯ ಸಮೇತ ಎತ್ತಿ ಕೂರಿಸಿಕೊಳ್ಳುತ್ತದೆ. ಎದುರಿಗೆ ಇನ್ನೊಂದು ತೊಲೆ ಹಳಿಗೆ ಅಡ್ಡಲಾಗಿ, ಒಂದು ತುದಿ ಹಳಿಯಿಂದಾಚೆಗೆ ಚಾಚಿಕೊಂಡು ಬಿದ್ದಿದೆ. ಇಳಿಯಲು ಸಮಯವಿಲ್ಲ, ಕೈಯಲ್ಲಿರುವುದು ಅಷ್ಟೇ ಭಾರದ ಇನ್ನೊಂದು ತೊಲೆ. ಜಾನಿ ಒಂದು ಕ್ಷಣ ನೋಡಿ, ಕೈಯಲ್ಲಿದ್ದುದನ್ನು ಆ ಚಾಚಿದ ತುದಿಯ ಮೇಲೆ ಎತ್ತಿಹಾಕುತ್ತಾನೆ. ಎರಡೂ ತೊಲೆಗಳು ಒಮ್ಮೆಗೇ ಮಗುಚಿ ಹಳಿಯಿಂದಾಚೆಗೆ ಬೀಳುತ್ತವೆ, ಎಂಜಿನ್ ಸಾಗುತ್ತದೆ. ಎಸೆತ ತಪ್ಪಿದ್ದರೆ ಎಂಜಿನ್ ಹಳಿ ತಪ್ಪಿ ನಟ ಅದರಡಿಗೆ ಸಿಕ್ಕಬಹುದಾಗಿತ್ತು. ಇಲ್ಲಿ ಹುಟ್ಟುವ ನಗು ಯಾರದೋ ಪೆದ್ದುತನಕ್ಕೆ ಬರುವ ನಗುವಲ್ಲ. ಭಯ, ಮೆಚ್ಚುಗೆ, ಒಂದು ಲೆಕ್ಕ ಸರಿಹೋದ ಸಮಾಧಾನ, ಈ ಮೂರೂ ಕೂಡಿ ಬರುವ ನಗು ಅದು. ಹೊಟ್ಟೆ ಹುಣ್ಣಾಗುವಂತೆ ನಗಿಸುವ ಬದಲು ಬೆರಗಿನಿಂದ ಮುಗುಳ್ನಗಿಸುವಂಥದು.

1927ರ ಸೋಲಿನ ಮುಖ್ಯ ಕಾರಣವೂ ಇದೇ. ಅಂದಿನ ಪ್ರೇಕ್ಷಕ ಹಾಸ್ಯಚಿತ್ರದ ಟಿಕೆಟ್ ಕೊಂಡದ್ದು ಸ್ಲ್ಯಾಪ್‌ಸ್ಟಿಕ್ ನೋಡಲು, ಅಂದರೆ ಬೀಳುವುದು, ಒದೆಯುವುದು, ಅಟ್ಟಾಡಿಸುವುದು ಮುಂತಾದ ಮೈಯಾಟದ ನಗೆಯನ್ನು ಬಿಡುವಿಲ್ಲದೆ ನೋಡಲು. ಅವನ ಮುಂದೆ ಬಂದದ್ದು ಯುದ್ಧದ ವಾಸ್ತವಿಕ ಚಿತ್ರಣವಿದ್ದ, ನಗೆಗೆ ಕಾಯಿಸುವ ಸಾಹಸಗಾಥೆ. 'ವೆರೈಟಿ' ಪತ್ರಿಕೆ ಚಿತ್ರದಲ್ಲಿ ನಗು ಸಾಲದೆಂದಿತು. 'ನ್ಯೂಯಾರ್ಕ್ ಟೈಮ್ಸ್'ನ ಮಾರ್ಡಂಟ್ ಹಾಲ್ ಇದು ಕೀಟನ್‌ನ ಹಿಂದಿನ ಚಿತ್ರಗಳ ಮಟ್ಟಕ್ಕಿಲ್ಲವೆಂದನು. 'ಲೈಫ್' ಎಂಬ ಹಾಸ್ಯಪತ್ರಿಕೆಯಲ್ಲಿ ರಾಬರ್ಟ್ ಶೆರ್ವುಡ್, ಯುದ್ಧದಲ್ಲಿ ಮನುಷ್ಯರು ಸಾಯುವುದನ್ನು ತೋರಿಸುವ ಚಿತ್ರದಲ್ಲಿ ನಗುವುದು ಹೇಗೆಂಬ ಆಕ್ಷೇಪವೆತ್ತಿದನು. ಶೆರ್ವುಡ್‌ನ ಆಕ್ಷೇಪವನ್ನು ಇಂದಿನವರು ಅರಸಿಕತೆಯೆಂದು ತಳ್ಳಿಹಾಕುವುದುಂಟು, ಅದು ಸರಿಯಲ್ಲ. ಅಂತರ್ಯುದ್ಧದಲ್ಲಿ ಹೋರಾಡಿದ ಮುದುಕರು 1927ರಲ್ಲಿ ಇನ್ನೂ ಬದುಕಿದ್ದರು, ಮೊದಲ ಮಹಾಯುದ್ಧ ಮುಗಿದು ಹತ್ತು ವರ್ಷ ಕೂಡ ಆಗಿರಲಿಲ್ಲ. ಸಾವು ಹತ್ತಿರವಿದ್ದವರಿಗೆ ಕಾಣುವ ಚಿತ್ರವೂ ಅದು ದೂರದ ಇತಿಹಾಸವಾದವರಿಗೆ ಕಾಣುವ ಚಿತ್ರವೂ ಒಂದೇ ಆಗಿರಲಾರದು.

ಸೋಲಿನ ಬೆಲೆ ದೊಡ್ಡದಾಗಿತ್ತು. ಚಿತ್ರಕ್ಕೆ ಏಳೂವರೆ ಲಕ್ಷ ಡಾಲರಿನಷ್ಟು ಖರ್ಚಾಯಿತೆಂಬುದು ಚಾಲ್ತಿಯಲ್ಲಿರುವ ಲೆಕ್ಕ. ಅಮೆರಿಕದೊಳಗಿನ ಗಳಿಕೆ ಐದು ಲಕ್ಷವನ್ನೂ ಮುಟ್ಟಲಿಲ್ಲ. ಉರಿಯುವ ಮರದ ಸೇತುವೆಯ ಮೇಲೆ ನಿಜವಾದ ಎಂಜಿನ್ ಸಾಗಿ, ಸೇತುವೆ ಕುಸಿದು, ಎಂಜಿನ್ ರೋ ನದಿಗೆ ಬೀಳುವ ದೃಶ್ಯವೊಂದಕ್ಕೇ 42,000 ಡಾಲರ್ ತಗುಲಿತೆಂದು ಹೇಳಲಾಗುತ್ತದೆ. ಮೂಕಿ ಯುಗದ ಅತಿ ದುಬಾರಿ ದೃಶ್ಯವೆಂದು ಅದು ಹೆಸರಾಗಿದೆ. ಆ ಎಂಜಿನ್ನಿನ ಅವಶೇಷ ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುಜರಿಗೆ ಹೋಗುವವರೆಗೂ ನದಿಯಲ್ಲೇ ಬಿದ್ದಿತ್ತು. 1928ರಲ್ಲಿ ಕೀಟನ್ ತನ್ನ ಸ್ವತಂತ್ರ ಘಟಕವನ್ನು ಬಿಟ್ಟು ಎಂಜಿಎಂ ಸಂಸ್ಥೆಗೆ ಸೇರಿದನು. ಅಲ್ಲಿ ಒಂದೆರಡು ಚಿತ್ರಗಳಾಚೆಗೆ ಕಥೆಯ ಮೇಲಿನ ಹಿಡಿತ ಅವನ ಕೈತಪ್ಪಿತು. ಅಷ್ಟರಲ್ಲಿ ಮಾತಿನ ಚಿತ್ರಗಳು ಬಂದು ಮೂಕಿಗಳೆಲ್ಲ ಹಳೆಯ ಸರಕಾದವು.

ಮೂವತ್ತರ ಮತ್ತು ನಲವತ್ತರ ದಶಕಗಳಲ್ಲಿ ಮೂಕಿ ಹಾಸ್ಯಕ್ಕೆ ಆದ ದೊಡ್ಡ ಅನ್ಯಾಯ ಮರೆವಿನದಲ್ಲ, ವೇಗದ್ದು. ಮೂಕಿ ಕಾಲದಲ್ಲಿ ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಇಷ್ಟೇ ಫ್ರೇಮುಗಳೆಂಬ ಕಟ್ಟುನಿಟ್ಟಿಲ್ಲದೆ, ಹದಿನಾರರಿಂದ ಇಪ್ಪತ್ತನಾಲ್ಕರವರೆಗೆ ವೇಗ ಏರಿಳಿಯುತ್ತಿತ್ತು, ತೋರಿಸುವವನೂ ಅದಕ್ಕೆ ತಕ್ಕಂತೆ ಪ್ರೊಜೆಕ್ಟರನ್ನು ಹೊಂದಿಸುತ್ತಿದ್ದನು. ಧ್ವನಿ ಬಂದ ಮೇಲೆ ವೇಗ ಸೆಕೆಂಡಿಗೆ 24 ಫ್ರೇಮುಗಳೆಂದು ನಿಗದಿಯಾಯಿತು. ನಿಧಾನವಾಗಿ ತೆಗೆದ ಹಳೆಯ ಚಿತ್ರಗಳನ್ನು ಹೊಸ ಯಂತ್ರದಲ್ಲಿ ಓಡಿಸಿದಾಗ ಮನುಷ್ಯರು ಕೀಲಿಗೊಂಬೆಗಳಂತೆ ದಡದಡನೆ ಓಡಾಡತೊಡಗಿದರು. ಹಾಸ್ಯಚಿತ್ರಗಳಲ್ಲಿ ಸ್ವಲ್ಪ ವೇಗ ಹೆಚ್ಚಿರಲೆಂದು ನಿರ್ದೇಶಕರೇ ಬೇಕೆಂದು ನಿಧಾನವಾಗಿ ತೆಗೆಸುತ್ತಿದ್ದುದು ನಿಜ, ಆದ್ದರಿಂದ ಮೂಕಿ ಹಾಸ್ಯಕ್ಕೆ ಸರಿಯಾದ ವೇಗ ಯಾವುದೆಂಬುದು ಪ್ರತಿ ಚಿತ್ರಕ್ಕೂ ಬೇರೆಯಾಗಿ ವಿಚಾರಿಸಬೇಕಾದ ಪ್ರಶ್ನೆ. ಆದರೆ ಕಲಾವಿದ ಅಳೆದು ಸುರಿದ ವೇಗವೇ ಬೇರೆ, ಯಂತ್ರದ ಅಜ್ಞಾನದಿಂದ ಬಂದ ವೇಗವೇ ಬೇರೆ. ಕೀಟನ್‌ನಂಥ ನಟನ ಕಲೆಯೆಲ್ಲ ಯಾವಾಗ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದರಲ್ಲಿದೆ. ತೊಲೆಯನ್ನು ಎಸೆಯುವ ಮುನ್ನಿನ ಆ ಒಂದು ನೋಟವೇ ಮಾಯವಾದರೆ ಉಳಿಯುವುದು ಮಂಗಾಟ ಮಾತ್ರ. ಟಿವಿ ಬಂದ ಹೊಸದರಲ್ಲಿ ಮೂಕಿ ಹಾಸ್ಯದ ತುಣುಕುಗಳನ್ನು ಕತ್ತರಿಸಿ, ಮೇಲೆ ಗದ್ದಲದ ಪಿಯಾನೋ ಮತ್ತು ಕುಚೋದ್ಯದ ನಿರೂಪಣೆ ಸೇರಿಸಿ ತೋರಿಸಿದ್ದರಿಂದ, ಇಡೀ ಒಂದು ತಲೆಮಾರು ಈ ಕಲೆಯನ್ನು ಮಕ್ಕಳಾಟವೆಂದು ನಂಬಿತು. ಅವರ ತೀರ್ಪು ತಪ್ಪಾದದ್ದಕ್ಕೆ ಅವರನ್ನು ದೂರುವಂತಿಲ್ಲ. ಅವರ ಮುಂದಿದ್ದ ಸಾಕ್ಷ್ಯವೇ ಕೆಟ್ಟಿತ್ತು.

ಗಾಳಿ ತಿರುಗಿದ್ದು ಒಂದು ಲೇಖನದಿಂದ. 1949ರ ಸೆಪ್ಟೆಂಬರಿನಲ್ಲಿ ವಿಮರ್ಶಕ ಜೇಮ್ಸ್ ಏಜೀ 'ಲೈಫ್' ಪತ್ರಿಕೆಯಲ್ಲಿ ಮೂಕಿ ಹಾಸ್ಯದ ಮಹಾಯುಗವನ್ನು ಕುರಿತು ದೀರ್ಘ ಪ್ರಬಂಧ ಬರೆದು ಚಾಪ್ಲಿನ್, ಕೀಟನ್, ಹೆರಾಲ್ಡ್ ಲಾಯ್ಡ್, ಹ್ಯಾರಿ ಲ್ಯಾಂಗ್ಡನ್ ಎಂಬ ನಾಲ್ವರನ್ನು ಮಹಾಕಲಾವಿದರೆಂದು ಎತ್ತಿಹಿಡಿದನು. ಶೆರ್ವುಡ್ ಬರೆದ ಹಾಸ್ಯಪತ್ರಿಕೆ ಅಷ್ಟರಲ್ಲಿ ನಿಂತುಹೋಗಿ, ಅದರ ಹೆಸರನ್ನು ಕೊಂಡವರು ಹೊರತಂದ ಛಾಯಾಚಿತ್ರ ವಾರಪತ್ರಿಕೆ ಇದು. ಒಂದೇ ಹೆಸರಿನಡಿ ಎರಡು ಕಾಲದ ಎರಡು ತೀರ್ಪುಗಳು ಅಚ್ಚಾದದ್ದು ಗಮನಾರ್ಹ. ಏಜೀಗೂ ಮುನ್ನ ಮೆಚ್ಚಿದವರು ಇರಲಿಲ್ಲವೆಂದಲ್ಲ. ಸ್ಪೇನಿನ ಕವಿ ಗಾರ್ಸಿಯಾ ಲೋರ್ಕಾ ಇಪ್ಪತ್ತರ ದಶಕದಲ್ಲೇ ಕೀಟನ್‌ನನ್ನು ಪಾತ್ರವಾಗಿಸಿ ಪುಟ್ಟ ನಾಟಕ ಬರೆದಿದ್ದನು. ಮುಂದೆ ಚಿತ್ರನಿರ್ದೇಶಕನಾದ ಲೂಯಿಸ್ ಬುನ್ಯುಯೆಲ್ 1927ರಲ್ಲೇ ಕೀಟನ್‌ನ 'ಕಾಲೇಜ್' ಚಿತ್ರವನ್ನು ಹೊಗಳಿ ಬರೆದಿದ್ದನು. ಆದರೆ ಈ ಮೆಚ್ಚುಗೆ ಹೊಸ ಕಲೆಯ ಪಂಥದವರ ಬರಹಗಳಲ್ಲೇ ಉಳಿದಿತ್ತು. ಏಜೀಯದು ಲಕ್ಷಾಂತರ ಮನೆಗಳಿಗೆ ತಲುಪಿತು.

ಓದಿದವರು ನೋಡಬೇಕೆಂದರೆ ಚಿತ್ರಗಳೆಲ್ಲಿದ್ದವು? ಆ ಕಾಲದ ಚಿತ್ರಗಳು ನೈಟ್ರೇಟ್ ಫಿಲ್ಮಿನ ಮೇಲಿದ್ದವು. ಅದು ಬೇಗ ಹೊತ್ತಿಕೊಳ್ಳುವ, ಬೆಂಕಿ ಹತ್ತಿದರೆ ಆರಿಸಲಾಗದ, ಸರಿಯಾಗಿ ಇಡದಿದ್ದರೆ ಅಂಟಾಗಿ ಕೊನೆಗೆ ಪುಡಿಯಾಗುವ ವಸ್ತು. ಐವತ್ತರ ದಶಕದಲ್ಲಿ ನಟ ಜೇಮ್ಸ್ ಮೇಸನ್, ತಾನು ಕೊಂಡಿದ್ದ ಕೀಟನ್‌ನ ಹಳೆಯ ಬಂಗಲೆಯ ಹಿತ್ತಲಿನ ಶೆಡ್ಡಿನಲ್ಲಿ ಕೀಟನ್ ಚಿತ್ರಗಳ ರೀಲುಗಳನ್ನು ಕಂಡನು. 1954ರಲ್ಲಿ ಕೀಟನ್‌ಗೆ ಪರಿಚಯವಾದ ಲಾಸ್ ಏಂಜಲೀಸ್‌ನ ಚಿತ್ರಪ್ರದರ್ಶಕ ರೇಮಂಡ್ ರೋಹೌರ್ ಇಂಥ ಪ್ರಿಂಟುಗಳನ್ನು ಹುಡುಕಿ ಒಟ್ಟುಗೂಡಿಸಿ, ಬೆಂಕಿಗೆ ಅಂಜದ ಸೇಫ್ಟಿ ಫಿಲ್ಮಿಗೆ ವರ್ಗಾಯಿಸಿ, ಹಕ್ಕುಗಳನ್ನು ಕಲೆಹಾಕಿ ಮತ್ತೆ ಬಿಡುಗಡೆ ಮಾಡಿದನು. ರೋಹೌರ್‌ನ ಹಕ್ಕುಸ್ವಾಮ್ಯದ ಜಗಳಗಳು ಹಲವರ ನಿದ್ದೆಗೆಡಿಸಿದ್ದು ನಿಜ. ಅವನಿಲ್ಲದಿದ್ದರೆ ಹಲವು ಚಿತ್ರಗಳು ಇಂದು ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. 1960ರಲ್ಲಿ ಕೀಟನ್‌ಗೆ ಗೌರವ ಆಸ್ಕರ್ ಬಂದಿತು. 1962ರಲ್ಲಿ ಪ್ಯಾರಿಸ್ಸಿನ ಸಿನೆಮಾಟೆಕ್, ಅಂದರೆ ಚಿತ್ರಗಳನ್ನು ಕೂಡಿಡುವುದರ ಜೊತೆಗೆ ಪ್ರದರ್ಶಿಸುವ ಸಂಗ್ರಹಾಲಯ, ಅವನ ಚಿತ್ರಗಳ ಸಾಲು ಪ್ರದರ್ಶನ ಏರ್ಪಡಿಸಿತು. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಸಭೆ ಎದ್ದುನಿಂತು ಅವನಿಗೆ ಚಪ್ಪಾಳೆ ತಟ್ಟಿತು. 1966ರ ಫೆಬ್ರವರಿ 1ರಂದು ಕೀಟನ್ ತೀರಿಕೊಂಡನು. ಬದುಕಿದ್ದಾಗಲೇ ತೀರ್ಪು ತಿರುಗಿದ್ದನ್ನು ಕಂಡ ಕಲಾವಿದರು ಕೆಲವರೇ. ಕೀಟನ್ ಅವರಲ್ಲೊಬ್ಬನೆಂಬುದು ಸಿನಿಮಾ ಪ್ರೀತಿಸುವ ಯಾರಿಗೂ ನೆಮ್ಮದಿ ಕೊಡುವ ಸಂಗತಿ.

ಅಭಿರುಚಿಯೂ ಬದಲಾಗಿತ್ತು. ಐವತ್ತರ ದಶಕದ ಫ್ರೆಂಚ್ ವಿಮರ್ಶಕರು ಮುಂದಿಟ್ಟ, ಚಿತ್ರಕ್ಕೆ ನಿರ್ದೇಶಕನೇ ಲೇಖಕನೆಂದು ಭಾವಿಸಿ ಅವನ ಒಟ್ಟು ಕೃತಿಗಳಲ್ಲಿ ಒಂದು ಲೋಕದೃಷ್ಟಿಯನ್ನು ಹುಡುಕುವ ಕೃತಿಕಾರ ಸಿದ್ಧಾಂತವು ಕೀಟನ್‌ನನ್ನು ನಟನ ಸಾಲಿನಿಂದ ನಿರ್ದೇಶಕನ ಸಾಲಿಗೆ ಏರಿಸಿತು. 1952ರ 'ಸೈಟ್ ಅಂಡ್ ಸೌಂಡ್' ಮತಗಣನೆಯಲ್ಲಿ ಚಾಪ್ಲಿನ್‌ನ 'ಸಿಟಿ ಲೈಟ್ಸ್' ಮತ್ತು 'ದಿ ಗೋಲ್ಡ್ ರಶ್' ಜೊತೆಯಾಗಿ ಎರಡನೆಯ ಸ್ಥಾನದಲ್ಲಿದ್ದವು. 1972ರ ಮೊದಲ ಹತ್ತರಲ್ಲಿ ಚಾಪ್ಲಿನ್‌ನ ಒಂದು ಚಿತ್ರವೂ ಇಲ್ಲ, 'ದಿ ಜನರಲ್' ಇದೆ. ಚಾಪ್ಲಿನ್‌ನ ಕಣ್ಣೀರಿನ ಹಾಸ್ಯ ಹಿಂದೆ ಸರಿದು, ಕೀಟನ್‌ನ ನಗದ ಅಳದ ಮುಖ ಯಂತ್ರಗಳ ನಡುವೆ ಸಮಚಿತ್ತದಿಂದ ನಿಲ್ಲುವುದು ಆ ಕಾಲದವರ ಮನಸ್ಸಿಗೆ ಹತ್ತಿರವಾಯಿತು. ಆದರೆ ಇದನ್ನೇ ಹಿಡಿದು ಚಾಪ್ಲಿನ್ ದೊಡ್ಡವನೋ ಕೀಟನ್ ದೊಡ್ಡವನೋ ಎಂದು ಬಡಿದಾಡಿದ ಬರಹಗಳಿಂದ ಇಬ್ಬರ ಕಲೆಯ ತಿಳಿವಳಿಕೆಯೂ ಬೆಳೆಯಲಿಲ್ಲ. 2022ರ ಮತಗಣನೆಯ ಮೊದಲ ನೂರರಲ್ಲಿ 'ಸಿಟಿ ಲೈಟ್ಸ್' ಮೇಲೆ ಬಂದಿದೆ, 'ದಿ ಜನರಲ್' ಕೊನೆಯ ಹತ್ತರೊಳಗಿದೆ, ಕೀಟನ್‌ನದೇ 'ಶೆರ್ಲಾಕ್ ಜೂನಿಯರ್' ಅದನ್ನು ಹಿಂದಿಕ್ಕಿದೆ. ಪಟ್ಟಿಗಳು ಮುಂದೆಯೂ ಹೀಗೆಯೇ ಹೊರಳುತ್ತಿರುತ್ತವೆ.

ಎಂಬತ್ತರ ದಶಕದಲ್ಲಿ ಸಾಕ್ಷ್ಯ ಇನ್ನಷ್ಟು ಶುದ್ಧವಾಯಿತು. ಕೆವಿನ್ ಬ್ರೌನ್ಲೋ ಮತ್ತು ಡೇವಿಡ್ ಗಿಲ್ ರೂಪಿಸಿದ 'ಹಾಲಿವುಡ್' (1980) ಸರಣಿ, ಆಮೇಲೆ ಕೀಟನ್ ಕುರಿತ ಅವರ ಸಾಕ್ಷ್ಯಚಿತ್ರ (1987), ಒಳ್ಳೆಯ ಪ್ರಿಂಟನ್ನು ಸರಿಯಾದ ವೇಗದಲ್ಲಿ ತೋರಿಸಿದರೆ ಮೂಕಿ ಚಿತ್ರ ಎಷ್ಟು ಸುಂದರವೆಂಬುದನ್ನು ಟಿವಿಯಲ್ಲೇ ಸಾಧಿಸಿ ತೋರಿಸಿದವು. ಕಾರ್ಲ್ ಡೇವಿಸ್ ಸಂಯೋಜಿಸಿದ ವಾದ್ಯಮೇಳದೊಡನೆ 'ದಿ ಜನರಲ್' ಮತ್ತೆ ತುಂಬಿದ ಸಭಾಂಗಣಗಳಲ್ಲಿ ಓಡಿತು. ಮಾತಿಲ್ಲದ ಚಿತ್ರ ಕೊರತೆಯುಳ್ಳ ಚಿತ್ರವಲ್ಲವೆಂಬುದನ್ನು, ಅದೇ ಹೊತ್ತಿಗೆ, 1987ರಲ್ಲಿ, ಬೆಂಗಳೂರಿನಲ್ಲಿ ಚಿತ್ರಿತವಾದ ಸಿಂಗೀತಂ ಶ್ರೀನಿವಾಸರಾಯರ 'ಪುಷ್ಪಕ ವಿಮಾನ' ಸಂಭಾಷಣೆಯೇ ಇಲ್ಲದೆ ಕನ್ನಡ ಪ್ರೇಕ್ಷಕರಿಗೂ ಮನಗಾಣಿಸಿತು.

ಮರುಮೌಲ್ಯಮಾಪನವೆಂದರೆ ಮೆಚ್ಚುಗೆ ಹೆಚ್ಚುತ್ತ ಹೋಗುವುದು ಮಾತ್ರವಲ್ಲ. ಇಂದಿನ ಪ್ರೇಕ್ಷಕ 1972ರವನಿಗೆ ಕಾಣದ ಒಂದನ್ನು ಕಾಣುತ್ತಾನೆ. ಜಾನಿ ಸೇರಲು ಹಂಬಲಿಸುವ ಸೈನ್ಯ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದ ರಾಜ್ಯಗಳದು. ಆದರೂ ಗುಲಾಮಗಿರಿಯ ಪ್ರಶ್ನೆ ಚಿತ್ರದಲ್ಲಿ ಏಳುವುದೇ ಇಲ್ಲ. ಚರಿತ್ರೆಯಲ್ಲಿ ಎಂಜಿನ್ ಅಪಹರಿಸಿದ ಉತ್ತರದವರಿಗೆ ಅಮೆರಿಕದ ಮೊಟ್ಟಮೊದಲ ಮೆಡಲ್ ಆಫ್ ಆನರ್ ಶೌರ್ಯಪದಕಗಳು ಸಂದಿದ್ದವು. ಚಿತ್ರದಲ್ಲಿ ಅವರು ಖಳರು. ಸೋತ ದಕ್ಷಿಣವನ್ನು ಖಳನನ್ನಾಗಿಸಿದರೆ ಪ್ರೇಕ್ಷಕ ಒಪ್ಪುವುದಿಲ್ಲವೆಂಬುದು ಕೀಟನ್ ಕೊಟ್ಟ ಸಮರ್ಥನೆ; ಸೋತವರ ಕುರಿತ ಆ ಭಾವುಕತೆ ಇಪ್ಪತ್ತರ ದಶಕದ ಅಮೆರಿಕದಲ್ಲಿ ಎಷ್ಟು ಬೇರೂರಿತ್ತೆಂಬುದಕ್ಕೆ ಆ ಸಮರ್ಥನೆಯೇ ಪುರಾವೆ. ಅವನ 'ಸೆವೆನ್ ಚಾನ್ಸಸ್' (1925) ಚಿತ್ರದಲ್ಲಿ ಬಿಳಿಯ ನಟನೊಬ್ಬ ಮುಖಕ್ಕೆ ಕಪ್ಪು ಬಳಿದುಕೊಂಡು ಸೇವಕನಾಗಿ ನಟಿಸಿರುವುದನ್ನು ಇಂದು ನೋಡುವುದು ಕಷ್ಟ. ಇವನ್ನು ಕತ್ತರಿಸಿ ತೆಗೆಯುವುದು ಪರಿಹಾರವಲ್ಲ, ಕಾಲಧರ್ಮವೆಂದು ಹಾರಿಸಿಬಿಡುವುದೂ ಅಲ್ಲ. ತೊಲೆಯ ಸನ್ನಿವೇಶದ ಬೆರಗೂ ಕಥೆಯ ನೈತಿಕ ಕುರುಡೂ ಒಂದೇ ಚಿತ್ರದಲ್ಲಿವೆಯೆಂದು ಒಪ್ಪಿಕೊಂಡೇ ಅದನ್ನು ಬೆಲೆಕಟ್ಟಬೇಕು. ಹಿಂದಿನವರು ಕಾಣದೆ ಬಿಟ್ಟದ್ದನ್ನು ಕಾಣುವ ಇದೇ ಎಚ್ಚರದ ಫಲವಾಗಿ, 1914ರಲ್ಲೇ ಕೀಸ್ಟೋನ್ ಸಂಸ್ಥೆಯಲ್ಲಿ ಹಾಸ್ಯಚಿತ್ರಗಳನ್ನು ನಿರ್ದೇಶಿಸಿದ್ದ, ಚಾಪ್ಲಿನ್‌ನೂ ಅವುಗಳಲ್ಲಿ ನಟಿಸಿದ್ದ ಮೇಬಲ್ ನಾರ್ಮಂಡ್‌ಳ ಕೆಲಸದತ್ತ ಈಗ ಗಮನ ಹರಿದಿದೆ.

ಉಳಿದುಬಂದ ಚಿತ್ರಗಳಿಗೆ ಮಾತ್ರ ಇಂಥ ಮರುವಿಚಾರಣೆಯ ಭಾಗ್ಯ. 'ದಿ ಜನರಲ್' ತಯಾರಾದ 1926ರಲ್ಲೇ ರೇಮಂಡ್ ಗ್ರಿಫಿತ್ ಎಂಬ ನಟನ 'ಹ್ಯಾಂಡ್ಸ್ ಅಪ್!' ಎಂಬ ಚಿತ್ರ ಬಂದಿತ್ತು. ಅದೂ ಅಂತರ್ಯುದ್ಧದ ಹಾಸ್ಯವೇ. ವಿಮರ್ಶಕ ವಾಲ್ಟರ್ ಕೆರ್ 1975ರ ತನ್ನ 'ದಿ ಸೈಲೆಂಟ್ ಕ್ಲೌನ್ಸ್' ಗ್ರಂಥದಲ್ಲಿ ಗ್ರಿಫಿತ್‌ಗೆ ಎತ್ತರದ ಸ್ಥಾನ ಕೊಟ್ಟನು, ಆದರೆ ಗ್ರಿಫಿತ್‌ನ ಹಲವು ಚಿತ್ರಗಳು ನಾಶವಾಗಿರುವುದರಿಂದ ಆ ತೀರ್ಪನ್ನು ಪೂರ್ತಿಯಾಗಿ ಪರಿಶೀಲಿಸುವ ದಾರಿ ಇಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಡೇವಿಡ್ ಪಿಯರ್ಸ್ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ತಯಾರಾದ ಸುಮಾರು 11,000 ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಮೂಲರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಶೇಕಡ 14 ಮಾತ್ರ.

ಭಾರತದ ಸ್ಥಿತಿ ಇದಕ್ಕಿಂತ ದಾರುಣ. ಇಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ, ತುಣುಕುಗಳನ್ನು ಸೇರಿಸಿದರೂ, ಉಳಿದಿರುವುದು ಕೆಲವೇ ಹತ್ತುಗಳು. ಬೆಳ್ಳಿಯ ಅಂಶಕ್ಕಾಗಿ ಎಷ್ಟೋ ರೀಲುಗಳನ್ನು ತೊಳೆದು ಹಾಳುಮಾಡಲಾಯಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ; ಅಲ್ಲಿ ಕೆಲಸ ಮಾಡಿದ ಪಿ.ಕೆ. ನಾಯರ್ ಊರೂರು ಅಲೆದು ತಂದದ್ದರಿಂದ ಕೆಲವಾದರೂ ಉಳಿದವು. ಹಳ್ಳಿಯ ಅಳಿಯನೊಬ್ಬ ಕಲ್ಕತ್ತೆಯಲ್ಲಿ ಪಡುವ ಪಾಡನ್ನು ತೋರಿಸುವ ಕಾಳಿಪದ ದಾಸ್‌ನ 'ಜಮಾಯ್ ಬಾಬು' (1931) ಉಳಿದುಬಂದ ಮೂಕಿ ಹಾಸ್ಯಗಳಲ್ಲಿ ಒಂದು; ಆ ಪರಂಪರೆ ಎಷ್ಟು ದೊಡ್ಡದಿತ್ತು, ಎಷ್ಟು ಒಳ್ಳೆಯದಿತ್ತು ಎಂದು ತೂಗಲು ಬೇಕಾದಷ್ಟು ಚಿತ್ರಗಳೇ ಕೈಯಲ್ಲಿಲ್ಲ. ಕರ್ನಾಟಕದ ಹಳೆಯ ಟೂರಿಂಗ್ ಟಾಕೀಸುಗಳ ಮಾಲೀಕರ ಮನೆಗಳಲ್ಲಿ, ಮುಚ್ಚಿದ ಚಿತ್ರಮಂದಿರಗಳ ಗೋದಾಮುಗಳಲ್ಲಿ, ಹಂಚಿಕೆದಾರರ ಅಟ್ಟಗಳ ಮೇಲೆ ತುಕ್ಕು ಹಿಡಿದ ಫಿಲ್ಮ್ ಡಬ್ಬಿಗಳು ಯಾರಿಗಾದರೂ ಕಂಡರೆ, ಅವನ್ನು ಗುಜರಿಯವನಿಗೆ ಕೊಡಬಾರದು. ಐವತ್ತರ ದಶಕದ ಆರಂಭಕ್ಕಿಂತ ಹಳೆಯವಾದರೆ ನೈಟ್ರೇಟ್ ಇರಬಹುದಾದ್ದರಿಂದ ದೀಪ, ಬೀಡಿ, ಬಿಸಿಲುಗಳಿಂದ ದೂರವಿಟ್ಟು, ಸ್ವತಃ ಬಿಚ್ಚಿ ನೋಡಲು ಹೋಗದೆ, ಪುಣೆಯ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆಯಬೇಕು.